ಗುಳಿಗೆ ಬಿಟ್ಟ ಮೇಲಿನ ಮಂಕು: ಓದುಗರ ಪ್ರಶ್ನೆ, ಮನೋವೈದ್ಯರ ಉತ್ತರ

ಕಳೆದ ಕೆಲವು ವಾರಗಳಲ್ಲಿ ಜಿಲ್ಲೆಯ ಬೇರೆ ಬೇರೆ ಊರುಗಳಿಂದ ಬಂದ ನಾಲ್ಕು ಪತ್ರಗಳು ಹೆಚ್ಚುಕಡಿಮೆ ಒಂದೇ ವಿಷಯವನ್ನು, ಅಂದರೆ ಅಫೀಮಿನ ಗುಂಪಿನ ನೋವಿನ ಗುಳಿಗೆ ಅಥವಾ ಮಾದಕ ವಸ್ತುವನ್ನು ಬಿಟ್ಟವರನ್ನು ಕಾಡುವ ಮಂಕಿನ ಬಗ್ಗೆ, ಕೇಳುತ್ತಿರುವುದರಿಂದ ಈ ಸಲದ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ; ಗುರುತು ಸಿಗುವ ವಿವರಗಳನ್ನು ತೆಗೆಯಲಾಗಿದೆ.

ಪ್ರಶ್ನೆ: ನಮ್ಮ ಮನೆಯವರು ಬೈತಖೋಲ ಬಂದರಿನ ಟ್ರಾಲರ್ ಬೋಟಿನಲ್ಲಿ ತಾಂಡೇಲರು, ಅಂದರೆ ಬೋಟು ನಡೆಸುವವರು. ಬಲೆ ಎಳೆಯುವಾಗ ಸೊಂಟಕ್ಕೆ ಪೆಟ್ಟಾಗಿ ವೈದ್ಯರು ಹತ್ತು ದಿನಕ್ಕೆಂದು ಬರೆದುಕೊಟ್ಟ ನೋವಿನ ಗುಳಿಗೆಯನ್ನು ಅವರು ಮೂರು ವರ್ಷ ನಿಲ್ಲಿಸಲೇ ಇಲ್ಲ. ದಿನಕ್ಕೆ ಎಂಟು ಹತ್ತು ನುಂಗುತ್ತಿದ್ದರು. ಪಟ್ಟಿಯ ಹಿಂದೆ ಟ್ರಮಡಾಲ್ 37.5, ಪ್ಯಾರಾಸಿಟಮಾಲ್ 325 ಎಂದು ಬರೆದಿದೆ. ಜೂನ್ 1ಕ್ಕೆ ಮೀನುಗಾರಿಕೆ ನಿಷೇಧ ಶುರುವಾಗಿ ಬೋಟು ನಿಂತ ದಿನವೇ ಒಮ್ಮೆಲೇ ಬಿಟ್ಟರು. ಒಂದು ವಾರ ಬೆವರು, ಭೇದಿ, ಕಾಲು ಸೆಳೆತ ಎಲ್ಲವೂ ಆಯಿತು, ಆಮೇಲೆ ನಿಂತಿತು. ಈಗ ಮೂರು ವಾರ ಕಳೆದಿದೆ. ಬಲೆ ಹೊಲಿಯಲು ಕರೆದರೆ ಹೋಗುವುದಿಲ್ಲ, ಮಗಳು ಹತ್ತಿರ ಬಂದರೂ ಮುಖ ಎತ್ತುವುದಿಲ್ಲ, ರಾತ್ರಿ ಮೂರಕ್ಕೇ ಎದ್ದು ಜಗಲಿಯಲ್ಲಿ ಕೂರುತ್ತಾರೆ. "ನಾನು ಇದ್ದು ಯಾರಿಗೆ ಏನಾಗಬೇಕಾಗಿದೆ" ಎಂದು ಒಂದು ದಿನ ಅಂದರು. ನನ್ನ ತಂಗಿಗೆ ಹಿಂದೆ ಖಿನ್ನತೆಗೆಂದು ಕೊಟ್ಟ ಎಸ್ಸಿಟಾಲೊಪ್ರಾಮ್ ಗುಳಿಗೆಗಳು ಮನೆಯಲ್ಲಿ ಉಳಿದಿವೆ. ಅದನ್ನು ಇವರಿಗೆ ಕೊಡಬಹುದೇ?
— ಹೆಸರು ಬೇಡ, ಕಾರವಾರ

ಉತ್ತರ: ಸೋದರಿ, ಅಚ್ಚಿನ ಕೆಲಸಕ್ಕೆ ಕಾಯದೆ ನಿಮಗೆ ನೇರವಾಗಿ ಬರೆದಿದ್ದೇವೆ, ಇದೇ ಸ್ಥಿತಿಯಲ್ಲಿರುವ ಬೇರೆಯವರಿಗಾಗಿ ಇಲ್ಲಿ ಮತ್ತೆ ಹೇಳುತ್ತಿದ್ದೇನೆ. ನಿಮ್ಮ ಯಜಮಾನರು ಆಡಿದ ಆ ಮಾತನ್ನು ಬೇಸರದ ಮಾತೆಂದು ಬಿಡಬೇಡಿ. ಸಾಯಬೇಕೆಂಬ ಯೋಚನೆ ಬರುತ್ತಿದೆಯೇ ಎಂದು ಅವರನ್ನು ನೇರವಾಗಿಯೇ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟಿಕೊಳ್ಳುವುದಿಲ್ಲ, ಇದ್ದದ್ದು ಹೊರಗೆ ಬರುತ್ತದೆ. ಹೌದೆಂದರೆ ಅವರನ್ನು ಒಬ್ಬರನ್ನೇ ಬಿಡದೆ ಅದೇ ದಿನ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೋ, ತುರ್ತು ವಿಭಾಗಕ್ಕೋ ಕರೆದೊಯ್ಯಿರಿ. ಮನೆಯಲ್ಲಿ ಉಳಿದಿರುವ ಎಲ್ಲ ಬಗೆಯ ಗುಳಿಗೆಗಳನ್ನೂ, ತಂಗಿಯವರದ್ದನ್ನೂ ಸೇರಿಸಿ, ಬೀಗ ಹಾಕಿಡಿ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕನ್ನಡದಲ್ಲಿಯೇ ಮಾತನಾಡಬಹುದು.

ತಂಗಿಯ ಗುಳಿಗೆಯನ್ನು ಕೊಡಬೇಡಿ. ಎಸ್ಸಿಟಾಲೊಪ್ರಾಮ್ ಕೆಟ್ಟ ಔಷಧಿಯೆಂದು ಹೀಗೆ ಹೇಳುತ್ತಿಲ್ಲ, ನಾನೇ ಬಹಳ ಜನರಿಗೆ ಬರೆಯುವ ಔಷಧಿ ಅದು. ತೊಡಕು ಇರುವುದು ಟ್ರಮಡಾಲ್‌ನಲ್ಲಿ. ಅದು ಅಫೀಮಿನ ಗುಂಪಿಗೆ, ಅಂದರೆ ಓಪಿಯಾಯ್ಡ್ ಗುಂಪಿಗೆ ಸೇರಿದ ನೋವುನಿವಾರಕ ಮಾತ್ರವಲ್ಲ, ಮೆದುಳಿನಲ್ಲಿ ಸೆರೊಟೋನಿನ್ ಮತ್ತು ನಾರ್‌ಎಪಿನೆಫ್ರಿನ್ ಎಂಬ ರಾಸಾಯನಿಕಗಳ ಮಟ್ಟವನ್ನೂ ಹೆಚ್ಚಿಸುತ್ತದೆ. ಈ ಎರಡನೆಯ ಕೆಲಸವನ್ನೇ ಖಿನ್ನತೆಯ ಕೆಲವು ಔಷಧಿಗಳು ಮಾಡುವುದು. ಆದ್ದರಿಂದ ನಿಮ್ಮ ಯಜಮಾನರು ತಮಗೆ ಅರಿವಿಲ್ಲದೆ ಮೂರು ವರ್ಷ ಒಂದು ನೋವಿನ ಗುಳಿಗೆಯನ್ನೂ ಖಿನ್ನತೆಯ ಗುಳಿಗೆಯಂಥದ್ದನ್ನೂ ಒಟ್ಟಿಗೆ ನುಂಗುತ್ತಿದ್ದರು, ಎರಡನ್ನೂ ಒಂದೇ ದಿನ ಬಿಟ್ಟರು. ಟ್ರಮಡಾಲ್ ಬಿಟ್ಟ ಕೆಲವರಿಗೆ ಬೆವರು ಭೇದಿಗಳ ಜೊತೆಗೆ ವಿಪರೀತ ಗಾಬರಿ, ಕೈಕಾಲಿನಲ್ಲಿ ಜುಮುಜುಮು, ಗೊಂದಲ ಕಾಣಿಸಿಕೊಳ್ಳುವುದೂ ಇದೇ ಕಾರಣಕ್ಕೆ. ಈಗ ನೀವು ಎಸ್ಸಿಟಾಲೊಪ್ರಾಮ್ ಕೊಟ್ಟು, ಅವರು ಸೊಂಟನೋವು ತಡೆಯಲಾರದೆ ಗುಟ್ಟಾಗಿ ಮತ್ತೆ ಟ್ರಮಡಾಲ್ ನುಂಗಿದರೆ, ಸೆರೊಟೋನಿನ್ ಮಿತಿಮೀರಿ ಜ್ವರ, ನಡುಕ, ಸ್ನಾಯುಗಳ ಬಿಗಿತ, ಕೆಲವೊಮ್ಮೆ ಅಪಸ್ಮಾರ ಬರಬಹುದು. ಅಂಥ ಹೊತ್ತಿನಲ್ಲಿ ಬರುವ ಬೆವರು, ಭೇದಿ, ಚಡಪಡಿಕೆಯನ್ನು ಕಂಡ ಮನೆಯವರು "ಗುಳಿಗೆ ಬಿಟ್ಟದ್ದಕ್ಕೆ ಹೀಗಾಗುತ್ತಿದೆ" ಎಂದು ತಿಳಿದು ಸುಮ್ಮನಿದ್ದುಬಿಡುವುದು ದೊಡ್ಡ ಅಪಾಯ.

ಇನ್ನು ಮಂಕಿನ ವಿಷಯ. ವರ್ಷಗಟ್ಟಲೆ ಓಪಿಯಾಯ್ಡ್ ತೆಗೆದುಕೊಂಡ ಮೆದುಳು, ನೋವನ್ನು ತಗ್ಗಿಸುವ ಮತ್ತು ಸುಖ ಕೊಡುವ ತನ್ನದೇ ವ್ಯವಸ್ಥೆಯನ್ನು ಮೊಟಕುಗೊಳಿಸಿಕೊಂಡಿರುತ್ತದೆ; ಹೊರಗಿನದು ನಿಂತ ಮೇಲೆ ಒಳಗಿನದು ಮತ್ತೆ ಚುರುಕಾಗಲು ಕಾಲ ಹಿಡಿಯುತ್ತದೆ. ಬೇಗ ಇಳಿದುಹೋಗುವ ಓಪಿಯಾಯ್ಡ್‌ಗಳನ್ನು ಬಿಟ್ಟಾಗ ಮೈಯ ಬಾಧೆ ಮೊದಲ ದಿನದೊಳಗೇ ಶುರುವಾಗಿ, ಎರಡು ಮೂರನೆಯ ದಿನ ಜೋರಾಗಿ, ವಾರ ಹತ್ತು ದಿನದಲ್ಲಿ ತಗ್ಗುತ್ತದೆ. ಆದರೆ ನಿದ್ದೆಗೇಡು, ಯಾವುದರಲ್ಲಿಯೂ ರುಚಿ ಇಲ್ಲದಿರುವುದು, ಸಣ್ಣ ಮಾತಿಗೂ ಕಣ್ಣೀರು ಅಥವಾ ಸಿಟ್ಟು, ಇವು ವಾರಗಳು, ಕೆಲವರಲ್ಲಿ ತಿಂಗಳುಗಳು ಉಳಿಯುತ್ತವೆ. ಭೇದಿ ನಿಂತಿತು, ಇನ್ನು ಗುಣವಾದಂತೆಯೇ ಎಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೇ ಈ ಎರಡನೆಯ ಹಂತ ಶುರುವಾಗುವುದರಿಂದ, ಅದನ್ನು ಸೋಮಾರಿತನವೆಂದೋ ಸೊಕ್ಕೆಂದೋ ಬೈಯುವುದು ನಮ್ಮಲ್ಲಿ ಸಾಮಾನ್ಯ. ನೀವು ಹಾಗೆ ಮಾಡಲಿಲ್ಲ, ಬಲೆ ಹೊಲಿಯದ್ದನ್ನೂ ಮಗಳತ್ತ ನೋಡದ್ದನ್ನೂ ಗಮನಿಸಿ ಬರೆದಿರಿ. ವೈದ್ಯರಿಗೆ ಬೇಕಾಗುವುದು ಇಂಥ ವಿವರವೇ.

ಮೊದಲ ಒಂದೆರಡು ವಾರಗಳ ಮಂಕಿಗೆ ನಾವು ಸಾಮಾನ್ಯವಾಗಿ ಖಿನ್ನತೆ ನಿವಾರಕವನ್ನು ಬರೆಯಲು ಅವಸರ ಮಾಡುವುದಿಲ್ಲ. ಆ ಮಂಕು ಬಹುಮಟ್ಟಿಗೆ ಗುಳಿಗೆ ನಿಂತಾಗ ಮೈಮನಸ್ಸು ಪಡುವ ಬಾಧೆಯ, ಅಂದರೆ ವಿತ್‌ಡ್ರಾವಲ್‌ನದ್ದೇ ಆಗಿರುತ್ತದೆ, ಅನೇಕರಲ್ಲಿ ತಾನಾಗಿ ತಿಳಿಯಾಗುತ್ತದೆ. ಈ ಔಷಧಿಗಳಾದರೋ ಕೆಲಸ ಮಾಡಲು ಎರಡರಿಂದ ಆರು ವಾರ ತೆಗೆದುಕೊಳ್ಳುತ್ತವೆ. ವಿತ್‌ಡ್ರಾವಲ್‌ನ ಬಾಧೆಯನ್ನು ತಗ್ಗಿಸುವುದಾಗಲಿ, ಚಟವನ್ನು ಬಿಡಿಸುವುದಾಗಲಿ ಅವುಗಳಿಂದ ಆಗುತ್ತದೆಂಬುದಕ್ಕೆ ಗಟ್ಟಿ ಪುರಾವೆಯೂ ಇಲ್ಲ. ಆದರೆ ಕಾಯುವುದಕ್ಕೂ ಮಿತಿಯುಂಟು. ಗುಳಿಗೆಯ ಚಟಕ್ಕಿಂತ ಮೊದಲೇ ಖಿನ್ನತೆ ಬಂದಿದ್ದವರು, ರಕ್ತಸಂಬಂಧದಲ್ಲಿ ಖಿನ್ನತೆ ಅಥವಾ ಆತ್ಮಹತ್ಯೆ ಇರುವವರು, ಬಿಟ್ಟು ಸುಮಾರು ಒಂದು ತಿಂಗಳಾದರೂ ಮಂಕು ಕರಗದವರು, ಬದುಕು ಬೇಡವೆನ್ನುವವರು, ಇವರಲ್ಲಿ ಅದನ್ನು ಖಿನ್ನತೆಯ ಕಾಯಿಲೆಯೆಂದೇ ಕಂಡು ಚಿಕಿತ್ಸೆ ಮಾಡಬೇಕು. ಸರಿಯಾದ ಜನರಿಗೆ ಸರಿಯಾದ ಹೊತ್ತಿನಲ್ಲಿ ಕೊಟ್ಟಾಗ ಗುಳಿಗೆಯಿಂದ ನಿಜಕ್ಕೂ ಅನುಕೂಲವಾಗುತ್ತದೆ. ನಿಮ್ಮ ಯಜಮಾನರಿಗೆ ಮೂರು ವಾರ ಕಳೆದಿದೆ, ನಸುಕಿಗೇ ಎಚ್ಚರವಾಗುತ್ತಿದೆ, ಆ ಮಾತೂ ಬಂದಿದೆ. ನನ್ನ ಅಭಿಪ್ರಾಯದಲ್ಲಿ ಅವರ ವಿಷಯದಲ್ಲಿ ಕಾಯುವ ಕಾಲ ಮುಗಿದಿದೆ.

ಯಾವ ಔಷಧಿ ಎಂಬುದನ್ನು ನೋಡಿದ ವೈದ್ಯರೇ ನಿರ್ಧರಿಸಲಿ. ಅವರ ಮುಂದೆ ಮಾತಿಗೆ ಬರಬಹುದಾದ ಒಂದೆರಡನ್ನು ಮಾತ್ರ ಹೇಳುತ್ತೇನೆ: ನಿದ್ದೆಯೂ ಹಸಿವೂ ಹೋದವರಿಗೆ ಮಿರ್ಟಾಜಪಿನ್ ಒಗ್ಗುವುದುಂಟು, ಡುಲಾಕ್ಸೆಟಿನ್ ಖಿನ್ನತೆಯ ಜೊತೆಗೆ ಹಳೆಯ ಸೊಂಟನೋವನ್ನೂ ಸ್ವಲ್ಪ ತಗ್ಗಿಸುತ್ತದೆ, ಆದರೆ ಟ್ರಮಡಾಲ್‌ನೊಂದಿಗೆ ಅದೂ ಕೂಡದು, ಬ್ಯುಪ್ರೊಪಿಯಾನ್ ಅಪಸ್ಮಾರದ ಸಾಧ್ಯತೆಯನ್ನು ಹೆಚ್ಚಿಸುವುದರಿಂದ ಟ್ರಮಡಾಲ್‌ನವರಿಗೆ ಸಲ್ಲದು. ನಿದ್ದೆಗೆಂದು ಅಲ್ಪ್ರಾಜೋಲಾಮ್‌ನಂಥ ಗುಳಿಗೆಯನ್ನು ಅಂಗಡಿಯಿಂದ ನೀವಾಗಿಯೇ ತರಬೇಡಿ. ಓಪಿಯಾಯ್ಡ್ ಮತ್ತೆ ಒಳಗೆ ಹೋದರೆ ಎರಡೂ ಸೇರಿ ಉಸಿರನ್ನೇ ನಿಲ್ಲಿಸಬಲ್ಲವು, ಜೊತೆಗೆ ಅದು ತಾನೇ ಇನ್ನೊಂದು ಚಟ.

ಆಸ್ಪತ್ರೆಗೆ ಹೋಗುವಾಗ ಖಾಲಿಯಾದ ಪಟ್ಟಿಯನ್ನು ಮರೆಯದೆ ಒಯ್ಯಿರಿ. "ನೋವಿನ ಗುಳಿಗೆ" ಎಂದಷ್ಟೇ ಹೇಳಿದರೆ ವೈದ್ಯರಿಗೆ ತಿಳಿಯುವುದು ಅರ್ಧ. ಬೆಳ್ಳಿ ಹಾಳೆಯ ಮೇಲಿನ ಆ ಸಣ್ಣ ಅಕ್ಷರಗಳಲ್ಲಿ ಉಳಿದರ್ಧ ಇರುತ್ತದೆ. ಹತ್ತು ಗುಳಿಗೆಯೆಂದರೆ 375 ಮಿಲಿಗ್ರಾಂ ಟ್ರಮಡಾಲ್ ಮಾತ್ರವಲ್ಲ, 3,250 ಮಿಲಿಗ್ರಾಂ ಪ್ಯಾರಾಸಿಟಮಾಲ್ ಕೂಡ. ಬೋಟಿನವರಲ್ಲಿ ಸಂಜೆ ಮದ್ಯದ ಅಭ್ಯಾಸವೂ ಇದ್ದರೆ ಯಕೃತ್ತಿನ ರಕ್ತಪರೀಕ್ಷೆ ಆಗಲೇಬೇಕು.

ಕೊನೆಯದಾಗಿ ಆಗಸ್ಟ್ ತಿಂಗಳ ಮಾತು. ನಿಷೇಧ ಜುಲೈ 31ಕ್ಕೆ ಮುಗಿದು ಬೋಟು ಇಳಿದರೆ ಸೊಂಟನೋವೂ ಹಳೆಯ ಸಂಗಾತಿಗಳೂ ಒಟ್ಟಿಗೇ ಎದುರಾಗುತ್ತಾರೆ. ಎರಡು ತಿಂಗಳು ಬಿಟ್ಟ ಮೈ ಹಳೆಯ ಪ್ರಮಾಣವನ್ನು ತಾಳಿಕೊಳ್ಳುವುದಿಲ್ಲ; ಮೊದಲಿನ ಲೆಕ್ಕದಲ್ಲಿಯೇ ನುಂಗಿದರೆ ಅಪಸ್ಮಾರವೋ ಉಸಿರಾಟದ ತೊಂದರೆಯೋ ಆಗಬಹುದು, ಅದೂ ಆಸ್ಪತ್ರೆ ಇಲ್ಲದ ಸಮುದ್ರದ ನಡುವೆ. ಆದ್ದರಿಂದ ಸೊಂಟಕ್ಕೆ ಫಿಸಿಯೋಥೆರಪಿ, ಚಟ ತರಿಸದ ನೋವುನಿವಾರಕ, ಕೆಲವು ಕಾಲ ಹಗ್ಗ ಎಳೆಯುವ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡುವುದು, ಇವುಗಳ ಏರ್ಪಾಡು ಈ ಮಳೆಗಾಲದಲ್ಲಿಯೇ ಆಗಲಿ.

ಪೊಲೀಸರ ಭಯದಿಂದ ಆಸ್ಪತ್ರೆಗೆ ಹೋಗದವರೂ ಇದ್ದಾರೆ. 2018ರ ಏಪ್ರಿಲ್‌ನಿಂದ ಟ್ರಮಡಾಲ್ ಮಾದಕ ವಸ್ತುಗಳ ಕಾಯ್ದೆಯ ಅಡಿಗೆ ಬಂದಿರುವುದು ನಿಜ. ಆದರೆ ಅದೇ ಕಾಯ್ದೆಯ 64ಎ ಕಲಮು, ಸ್ವಂತ ಬಳಕೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರೋಗಿಯ ವಿವರವನ್ನು ಗೋಪ್ಯವಾಗಿಡುವುದು ಆಸ್ಪತ್ರೆಯ ಕರ್ತವ್ಯ.

ಪ್ರಶ್ನೆ: ನಾನು ಅಡಿಕೆ ಬೆಳೆಗಾರ, ಸಸ್ಯಾಹಾರಿ, ವಯಸ್ಸು ನಲವತ್ತೆರಡು. ಮಳೆಯಲ್ಲಿ ತೋಟದ ಸಂಕ ದಾಟುವಾಗ ಜಾರಿ ಬಿದ್ದು ಬೆನ್ನುಮೂಳೆಗೆ ಪೆಟ್ಟಾದಾಗ ಶುರುವಾದ ಟ್ಯಾಪೆಂಟಡಾಲ್ ಎಂಬ ಓಪಿಯಾಯ್ಡ್ ನೋವಿನ ಗುಳಿಗೆಯನ್ನು ವೈದ್ಯರ ಸಹಾಯದಿಂದ ಹಂತಹಂತವಾಗಿ ಬಿಟ್ಟು ಎರಡು ತಿಂಗಳಾಯಿತು. ಮಂಕಿಗೆ ಒಂದು ತಿಂಗಳಿಂದ ಸರ್ಟ್ರಲಿನ್ ಕೊಟ್ಟಿದ್ದಾರೆ, ಸ್ವಲ್ಪ ಪರವಾಗಿಲ್ಲ. ಬೇಗ ಗುಣವಾಗಲು 5-ಎಚ್‌ಟಿಪಿ, ಟೈರೋಸಿನ್, ಸೇಂಟ್ ಜಾನ್ಸ್ ವರ್ಟ್, ಅಶ್ವಗಂಧ ಇವನ್ನು ತೆಗೆದುಕೊಳ್ಳಲು ಬೆಂಗಳೂರಿನಲ್ಲಿರುವ ಭಾವನವರು ಹೇಳಿ, ತರಿಸಿಯೂ ಕೊಟ್ಟಿದ್ದಾರೆ. ಗಿಡಮೂಲಿಕೆಯಾದ್ದರಿಂದ ತೊಂದರೆ ಇಲ್ಲವಲ್ಲ?
— ಶಿರಸಿ ತಾಲೂಕಿನ ಓದುಗರು

ಉತ್ತರ: ಅಫೀಮೂ ಗಿಡಮೂಲಿಕೆಯೇ. ಭಾವನವರ ಕಾಳಜಿಯನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಆ ಪೊಟ್ಟಣದಲ್ಲಿರುವ ನಾಲ್ಕರಲ್ಲಿ ಎರಡನ್ನು ನೀವು ಈಗ ತೆರೆಯಲೇಬಾರದು.

5-ಎಚ್‌ಟಿಪಿ ಎಂಬುದು ಮೈಯೊಳಗೆ ಸೆರೊಟೋನಿನ್ ಆಗಿ ಬದಲಾಗುವ ವಸ್ತು. ಸರ್ಟ್ರಲಿನ್ ಅದೇ ಸೆರೊಟೋನಿನ್ ಬೇಗ ಖಾಲಿಯಾಗದಂತೆ ತಡೆಯುತ್ತದೆ. ಎರಡೂ ಸೇರಿದರೆ ಮೇಲಿನ ಪತ್ರಕ್ಕೆ ಬರೆದ ಅದೇ ಅಪಾಯ. ಸೇಂಟ್ ಜಾನ್ಸ್ ವರ್ಟ್‌ನದ್ದು ಇಬ್ಬಗೆಯ ಕಾಟ: ಅದೂ ಸರ್ಟ್ರಲಿನ್ ಜೊತೆ ಸೇರಿ ಸೆರೊಟೋನಿನ್ ಏರಿಸುತ್ತದೆ, ಜೊತೆಗೆ ಯಕೃತ್ತಿನಲ್ಲಿ ಔಷಧಿಗಳನ್ನು ಕರಗಿಸುವ ಕಿಣ್ವಗಳನ್ನು ಚುರುಕುಗೊಳಿಸಿ ಬೇರೆ ಅನೇಕ ಔಷಧಿಗಳನ್ನು ಮೈಯಿಂದ ಬೇಗ ಹೊರಹಾಕುತ್ತದೆ. ಓಪಿಯಾಯ್ಡ್ ಚಟದ ಚಿಕಿತ್ಸೆಗೆಂದು ಬ್ಯುಪ್ರಿನಾರ್ಫಿನ್ ಅಥವಾ ಮೆಥಡೋನ್ ತೆಗೆದುಕೊಳ್ಳುತ್ತಿರುವವರು ಅದನ್ನು ತೆಗೆದುಕೊಂಡರೆ ಔಷಧಿಯ ಮಟ್ಟ ಕುಸಿದು ವಿತ್‌ಡ್ರಾವಲ್ ಮರುಕಳಿಸಬಹುದು. ಸಾಧಾರಣ ಖಿನ್ನತೆಗೆ ಆ ಮೂಲಿಕೆಯಿಂದ ಒಂದಿಷ್ಟು ಉಪಯೋಗವಿದೆಯೆಂಬುದು ಸುಳ್ಳಲ್ಲ. ಅದು ಕೆಲಸ ಮಾಡುತ್ತದೆ ಎಂಬ ಕಾರಣಕ್ಕೇ ಬೇರೆ ಔಷಧಿಗಳ ಜೊತೆ ಜಗಳವನ್ನೂ ಮಾಡುತ್ತದೆ.

ಟೈರೋಸಿನ್ ಒಂದು ಅಮೈನೋ ಆಮ್ಲ; ಬೇಳೆ, ಹಾಲು, ಮೊಸರಿನಲ್ಲಿ ಸಾಕಷ್ಟು ಇದೆ. ಅದನ್ನು ಗುಳಿಗೆಯಾಗಿ ನುಂಗಿದರೆ ಓಪಿಯಾಯ್ಡ್ ಬಿಟ್ಟವರ ಮಂಕು ಬೇಗ ಹೋಗುತ್ತದೆಂಬುದಕ್ಕೆ ಒಪ್ಪತಕ್ಕ ಪುರಾವೆ ಇಲ್ಲ. ಹೆಚ್ಚಿನ ಹಾನಿಯೂ ಇಲ್ಲ, ಹಣದ್ದು ಬಿಟ್ಟರೆ. ಅಶ್ವಗಂಧದಿಂದ ಆತಂಕ ಮತ್ತು ನಿದ್ದೆಗೆ ಕೆಲವರಿಗೆ ತುಸು ಹಿತವಾಗುವುದುಂಟು; ಆದರೆ ಅದರಿಂದ ಯಕೃತ್ತಿಗೆ ಪೆಟ್ಟಾದ ವರದಿಗಳಿವೆ, ಥೈರಾಯ್ಡ್ ಹಾರ್ಮೋನನ್ನೂ ಅದು ಏರಿಸಬಲ್ಲದು. ಬೇಕೇ ಬೇಕೆನಿಸಿದರೆ ನಿಮ್ಮ ವೈದ್ಯರಿಗೆ ಹೇಳಿ ಮಾತ್ರ.

ಹಾಗೆಂದು ನಿಮ್ಮ ಊಟ ತಿಂಡಿಯ ಕಡೆ ಗಮನ ಕೊಡುವುದು ಬೇಡವೆಂದಲ್ಲ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ, ಮತ್ತು ಅದರ ಲಕ್ಷಣಗಳಾದ ದಣಿವು, ಮಂಕು, ಮರೆವು, ಕಾಲಿನ ಜುಮುಜುಮು ಇವು ಓಪಿಯಾಯ್ಡ್ ಬಿಟ್ಟ ಮೇಲಿನ ತೊಂದರೆಗಳಂತೆಯೇ ಕಾಣುತ್ತವೆ. ಬಿ12, ವಿಟಮಿನ್ ಡಿ, ಥೈರಾಯ್ಡ್, ಹಿಮೋಗ್ಲೋಬಿನ್ ಇವುಗಳ ಪರೀಕ್ಷೆ ಮಾಡಿಸಿ, ಕೊರತೆ ಇದ್ದದ್ದನ್ನು ತುಂಬಿಸಿ. ಕೊರತೆ ಇಲ್ಲದೆ ನುಂಗಿದ ವಿಟಮಿನ್ ಮನಸ್ಸನ್ನು ಎತ್ತುವುದಿಲ್ಲ. ಇನ್ನೊಂದು ವಿಷಯವನ್ನು ಗಂಡಸರು ಸಂಕೋಚದಿಂದ ಕೇಳುವುದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ದೀರ್ಘಕಾಲದ ಓಪಿಯಾಯ್ಡ್ ಬಳಕೆಯಿಂದ ಟೆಸ್ಟೋಸ್ಟಿರಾನ್ ಇಳಿದು, ದಾಂಪತ್ಯದಲ್ಲಿ ನಿರಾಸಕ್ತಿ, ನಿಶ್ಶಕ್ತಿ, ಬೇಸರ ಉಂಟಾಗುತ್ತದೆ. ಗುಳಿಗೆ ಬಿಟ್ಟ ಮೇಲೆ ಬಹುತೇಕರಲ್ಲಿ ಅದು ನಿಧಾನವಾಗಿ ಮೊದಲಿನಂತಾಗುತ್ತದೆ. ಸರ್ಟ್ರಲಿನ್‌ನಿಂದಲೂ ಇಂಥದೇ ತೊಂದರೆ ಬರುವುದುಂಟು. ಹಾಗಾದರೆ ಹೇಳದೆ ಗುಳಿಗೆ ನಿಲ್ಲಿಸಬೇಡಿ, ಹೇಳಿದರೆ ಬದಲಿಸುವ ದಾರಿ ಇದೆ.

ಮನೆಯಲ್ಲಿ ಮಾಡುವ ಒಂದೆಲಗದ ತಂಬುಳಿಯನ್ನು ಧಾರಾಳವಾಗಿ ಉಣ್ಣಿ. ಔಷಧಿಯೆಂದಲ್ಲ, ಊಟ ಸೇರುತ್ತಿದೆಯೆಂದರೆ ಅದೇ ಒಳ್ಳೆಯ ಲಕ್ಷಣ. ಬೆಳಗಿನ ಬಿಸಿಲಿನಲ್ಲಿ ತೋಟಕ್ಕೆ ಒಂದು ಸುತ್ತು ಹಾಕುವುದು, ಮನಸ್ಸಿಲ್ಲದಿದ್ದರೂ ಹೊತ್ತಿಗೆ ಸರಿಯಾಗಿ ಏಳುವುದು, ಇವುಗಳ ಪ್ರಯೋಜನಕ್ಕೆ ಆ ಬಾಟಲಿಗಳಿಗಿಂತ ಹೆಚ್ಚಿನ ಆಧಾರವಿದೆ. ಸರ್ಟ್ರಲಿನ್ ಈಗ ಕೆಲಸ ಮಾಡಲು ಶುರು ಮಾಡಿದೆ. ಪೂರ್ತಿ ಚೇತರಿಸಿಕೊಂಡ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸುತ್ತೇವೆ.

ನಿಮ್ಮ ಪತ್ರದಲ್ಲಿ ಇಲ್ಲದಿದ್ದರೂ ಒಂದು ಎಚ್ಚರಿಕೆ. "ಶಕ್ತಿವರ್ಧಕ" ಎಂದು ಮಾರುವ ಗುಳಿಗೆಗಳಲ್ಲಿ ಕಾಮಿನಿ ವಿದ್ರಾವಣ ರಸ ಎಂಬುದೊಂದುಂಟು. ಅದರ ಘಟಕಗಳಲ್ಲಿ ಅಹಿಫೇನ ಎಂದಿರುತ್ತದೆ, ಅಹಿಫೇನವೆಂದರೆ ಅಫೀಮೇ. ಕ್ರಾಟಮ್ ಎಂಬ ಎಲೆಯ ಪುಡಿಯೂ ಮೆದುಳಿನಲ್ಲಿ ಓಪಿಯಾಯ್ಡ್‌ನಂತೆಯೇ ವರ್ತಿಸುತ್ತದೆ. ಇವುಗಳಿಂದ ಮಂಕು ತಕ್ಷಣ ಹೋಯಿತೆಂದು ಯಾರಾದರೂ ಹೇಳಿದರೆ ನಂಬಬಹುದು. ಬಿಟ್ಟದ್ದನ್ನೇ ಬೇರೆ ಹೆಸರಿನಲ್ಲಿ ತೆಗೆದುಕೊಂಡರೆ ಹೋಗದೆ ಏನು?

ಪ್ರಶ್ನೆ: ಗೋವಾದಲ್ಲಿ ಹೋಟೆಲ್ ಕೆಲಸಕ್ಕಿದ್ದ ಮಗ ಬ್ರೌನ್ ಶುಗರ್ ಚಟ ಹತ್ತಿಸಿಕೊಂಡು ಊರಿಗೆ ಬಂದ. ಆಸ್ಪತ್ರೆಯಲ್ಲಿ ನಾಲಿಗೆಯಡಿ ಇಡುವ ಬ್ಯುಪ್ರಿನಾರ್ಫಿನ್ ಗುಳಿಗೆ ಕೊಡುತ್ತಿದ್ದಾರೆ. ಮೂರು ತಿಂಗಳಲ್ಲಿ ಮುಖದಲ್ಲಿ ಕಳೆ ಬಂದಿದೆ, ನಗುತ್ತಾನೆ. ಆದರೆ ಇದೂ ಅಫೀಮಿನ ಜಾತಿಯದ್ದೇ ಎಂದು ಕೇಳಿ ದಿಗಿಲಾಗಿದೆ. ಇದನ್ನು ಬಿಡಿಸಿ ಖಿನ್ನತೆಯ ಗುಳಿಗೆ ಮಾತ್ರ ಕೊಡಿಸಬಹುದೇ?
— ಕುಮಟಾದ ತಂದೆಯೊಬ್ಬರು

ಉತ್ತರ: ಬೇಡ. ಮಗನ ನಗು ಮರಳಿರುವುದೇ ಆ ಗುಳಿಗೆಯಿಂದ. ಬ್ಯುಪ್ರಿನಾರ್ಫಿನ್ ಓಪಿಯಾಯ್ಡ್ ಗುಂಪಿನದ್ದೇ ಹೌದು. ಆದರೆ ಒಂದು ಮಟ್ಟಕ್ಕಿಂತ ಮೇಲೆ ಅದರ ಪರಿಣಾಮ ಏರುವುದಿಲ್ಲ, ನಿಧಾನವಾಗಿ ಇಳಿಯುತ್ತದೆ. ಹೀಗಾಗಿ ದಿನಕ್ಕೆ ನಾಲ್ಕಾರು ಬಾರಿ ಅಮಲು, ನಾಲ್ಕಾರು ಬಾರಿ ವಿತ್‌ಡ್ರಾವಲ್ ಎಂಬ ಸುತ್ತಾಟ ನಿಂತು ಮನಸ್ಸು ಒಂದು ಹದಕ್ಕೆ ಬರುತ್ತದೆ. ಚಿಕಿತ್ಸೆ ಶುರುವಾದ ಮೊದಲ ವಾರಗಳಲ್ಲಿಯೇ ಅನೇಕರ ಖಿನ್ನತೆ ಬೇರೆ ಗುಳಿಗೆಯಿಲ್ಲದೆ ಇಳಿಯುವುದನ್ನು ನಾವು ಕಾಣುತ್ತೇವೆ. ಅವಸರದಲ್ಲಿ ನಿಲ್ಲಿಸಿದವರಲ್ಲಿ ಹೆಚ್ಚಿನವರು ಹಳೆಯ ಚಟಕ್ಕೆ ಮರಳುತ್ತಾರೆ, ತಾಳಿಕೆ ಇಳಿದಿರುವ ಆ ಹೊತ್ತಿನಲ್ಲಿಯೇ ಅತಿಪ್ರಮಾಣದ ಸಾವುಗಳು ಹೆಚ್ಚು. ಬಿಡುವುದಾದರೆ ವೈದ್ಯರೊಡನೆ ಮಾತಾಡಿ, ಕೆಲಸ ನಿದ್ದೆ ಎರಡೂ ನೆಲೆಗೊಂಡ ಮೇಲೆ, ತಿಂಗಳುಗಟ್ಟಲೆ ಇಳಿಸುತ್ತ ಹೋಗಬೇಕು. ಬದಲಿಗೆ ನಾಲ್ಟ್ರೆಕ್ಸೋನ್ ಎಂಬ ಗುಳಿಗೆ ಇದೆ, ಅದು ಅಮಲನ್ನೇ ತಡೆಯುತ್ತದೆ. ಆದರೆ ಬ್ರೌನ್ ಶುಗರ್‌ನಂಥದ್ದು ನಿಂತು ವಾರ ಹತ್ತು ದಿನವಾದರೂ ಆಗದೆ, ಬ್ಯುಪ್ರಿನಾರ್ಫಿನ್ ಆಗಿದ್ದರೆ ಇನ್ನೂ ಹೆಚ್ಚು ದಿನ ಕಳೆಯದೆ, ಅದನ್ನು ಕೊಟ್ಟರೆ ಭೀಕರ ವಿತ್‌ಡ್ರಾವಲ್ ಒಮ್ಮೆಲೇ ಬರುತ್ತದೆ. ಮನೆಯಲ್ಲಿ ಪ್ರಯೋಗ ಮಾಡುವ ವಸ್ತುವಲ್ಲ. ಚಿಕಿತ್ಸಾ ಕೇಂದ್ರಗಳ ಮಾಹಿತಿಗೆ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446 ಇದೆ. ಸೂಜಿಯ ಬಳಕೆ ಇತ್ತೆಂದಾದರೆ ಎಚ್‌ಐವಿ, ಹೆಪಟೈಟಿಸ್ ಸಿ ಪರೀಕ್ಷೆಯೂ ಆಗಲಿ.

ಪ್ರಶ್ನೆ: ಅಣ್ಣ ನೋವಿನ ಗುಳಿಗೆ ಬಿಟ್ಟಿದ್ದಾನೆ, ನಿದ್ದೆ ಇಲ್ಲ, ಮನಸ್ಸೂ ಸರಿ ಇಲ್ಲ. ಗಸಗಸೆ ಪಾಯಸ ಕುಡಿದರೆ ನಿದ್ದೆ ಬರುತ್ತದೆಂದು ಅಮ್ಮ ದಿನಾ ರಾತ್ರಿ ಮಾಡಿಕೊಡುತ್ತಿದ್ದಾರೆ. ಪರವಾಗಿಲ್ಲವೇ?
— ಅಂಕೋಲಾ

ಉತ್ತರ: ಮದುವೆಯೂಟದ ಗಸಗಸೆ ಪಾಯಸಕ್ಕೆ ನನ್ನ ತಕರಾರಿಲ್ಲ. ದಿನಾ ರಾತ್ರಿ ಔಷಧಿಯಂತೆ ಕೊಡುವುದು ಬೇಡ. ಗಸಗಸೆ ಅಫೀಮಿನ ಗಿಡದ್ದೇ ಬೀಜ; ಬೀಜದೊಳಗೆ ಅಮಲಿಲ್ಲದಿದ್ದರೂ ಸಿಪ್ಪೆಗೆ ಅದೇ ಗಿಡದ ಕಾಯಿಯಿಂದ ಒಸರುವ ಅಫೀಮಿನ ಹಾಲು ಅಂಟಿಕೊಂಡಿರುತ್ತದೆ, ಎಷ್ಟು ಎಂಬುದು ಒಂದೊಂದು ಚೀಲಕ್ಕೆ ಒಂದೊಂದು. ತಿಂದವರ ಮೂತ್ರದಲ್ಲಿ ಮಾರ್ಫಿನ್ ಕಾಣಿಸಿಕೊಳ್ಳುವಷ್ಟಂತೂ ಇರಬಹುದು. ಪಾಯಸದ ಬದಲು ರಾತ್ರಿ ಬಿಸಿ ಹಾಲು ಸಾಕೆಂದು ಅಮ್ಮನಿಗೆ ಹೇಳಿ. ಸಂಜೆಯ ಮೇಲೆ ಚಹಾ ಬೇಡ, ಹಗಲು ಮಲಗುವುದು ಬೇಡ. ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಅಣ್ಣನನ್ನು ವೈದ್ಯರಿಗೆ ತೋರಿಸಿ, ಮೂತ್ರಪರೀಕ್ಷೆ ಮಾಡುವುದಿದ್ದರೆ ಪಾಯಸ ಕುಡಿದ ವಿಷಯವನ್ನು ಪರೀಕ್ಷೆಗೆ ಮೊದಲೇ ಹೇಳಿಬಿಡಿ.